ಆರೋಗ್ಯ ವಿಚಾರ: ಶಸ್ತ್ರಕ್ರಿಯೆಯ ನಡುವೆ ಗಡ್ಡೆಯ ಪರೀಕ್ಷೆ

ಮಿದುಳಿನ ಗಡ್ಡೆಗೆ ಶಸ್ತ್ರಕ್ರಿಯೆ ನಡೆಯುತ್ತಿರುವಾಗ ವೈದ್ಯರು ಅದರ ಕಿರಿಯ ತುಣುಕೊಂದನ್ನು ಪರೀಕ್ಷೆಗೆ ಕಳುಹಿಸಿ, ಉತ್ತರ ಬರುವವರೆಗೆ ಕಾಯುವುದುಂಟು. ಹೊರಗೆ ಕುಳಿತ ಮನೆಯವರಿಗೆ ಈ ವಿಳಂಬವು ಯುಗದಂತೆ ತೋರುವುದು ಸಹಜ. ಒಳಗೆ ನಡೆಯುವುದೇನೆಂಬುದನ್ನು ಅರಿತರೆ ಆತಂಕವು ಕೊಂಚ ತಗ್ಗೀತೆಂದು ನಾವು ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ದೇಹದ ಬೇರೆಡೆಗಳಲ್ಲಿ ಗಡ್ಡೆಯನ್ನು ಅನೇಕ ವೇಳೆ ಸುತ್ತಲಿನ ಒಂದಿಷ್ಟು ಭಾಗದೊಡನೆ ಕೊಯ್ದು ತೆಗೆಯಬಹುದು. ಮಿದುಳಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ತುಸು ಹೆಚ್ಚು ಕೊಯ್ದರೂ ಮಾತೋ ಕೈಕಾಲಿನ ಚಲನೆಯೋ ಹೋದೀತು. ಗಡ್ಡೆಗಳಾದರೋ ಒಂದೇ ಜಾತಿಯವಲ್ಲ. ಮಿದುಳಿನ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮವನ್ನು ಸಾಧ್ಯವಾದಲ್ಲಿ ಪೂರ್ತಿಯಾಗಿ ತೆಗೆಯುವುದು ಲೇಸು. ಲಿಂಫೋಮಕ್ಕೆ ಔಷಧವೇ ಮುಖ್ಯ. ಅಲ್ಲಿ ತುಣುಕು ತೆಗೆದು ನಿಲ್ಲಿಸುವುದೇ ವಾಡಿಕೆ. ಗಡ್ಡೆಯೆಂದು ಭಾವಿಸಿದ್ದು ಕ್ಷಯದ ಗಂಟಾಗಿರುವುದೂ ಉಂಟು.

ತುಣುಕನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ತ್ವರಿತ ಕ್ರಮವನ್ನು ಅಮೆರಿಕದ ಮೇಯೋ ಚಿಕಿತ್ಸಾಲಯದ ಲೂಯಿ ವಿಲ್ಸನ್ನರು 1905ರಲ್ಲಿ ಪ್ರಕಟಿಸಿದರು. ಆದರೆ ಮಿದುಳಿನಲ್ಲಿ ನೀರಿನಂಶ ಹೆಚ್ಚು. ಹಿಮದ ಹರಳುಗಳು ಮೂಡಿ ಜೀವಕೋಶಗಳ ಆಕಾರವನ್ನು ಕೆಡಿಸುವುವು. ಲೂಯಿಸ್ ಐಸೆನ್‌ಹಾರ್ಟ್ ಎಂಬ ವಿದುಷಿಯೂ ಶಸ್ತ್ರವೈದ್ಯ ಹಾರ್ವೆ ಕುಷಿಂಗರೂ ಹೆಪ್ಪುಗಟ್ಟಿಸದೆ ಹಸಿಯ ತುಣುಕಿಗೇ ಬಣ್ಣವೇರಿಸಿ ನೋಡುವ ಉಪಾಯವನ್ನು 1930ರಲ್ಲಿ ತಿಳಿಸಿದರು. ತುಣುಕನ್ನು ಎರಡು ಗಾಜುಗಳ ನಡುವೆ ಅದುಮಿ ಸವರಿ ನೋಡುವ ಕ್ರಮವು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ರೂಢಿಯಲ್ಲಿದೆ.

ಈಚೆಗೆ ಯಂತ್ರಗಳೂ ಈ ಕಾರ್ಯಕ್ಕೆ ಕೈಹಾಕಿವೆ. ತುಣುಕನ್ನು ಸೀಳದೆ, ಬಣ್ಣವೇರಿಸದೆ, ಲೇಸರ್ ಬೆಳಕಿನಿಂದಲೇ ಚಿತ್ರ ಪಡೆದು ಗಣಕಯಂತ್ರದಿಂದ ಓದಿಸುವ ವಿಧಾನವನ್ನು ಅಮೆರಿಕದಲ್ಲಿ 278 ರೋಗಿಗಳ ವಿಷಯದಲ್ಲಿ ಪರೀಕ್ಷಿಸಿ 2020ರಲ್ಲಿ ಫಲವನ್ನು ಪ್ರಕಟಿಸಿದರು. ಯಂತ್ರದ ನಿರ್ಣಯ ನೂರಕ್ಕೆ 94.6ರಷ್ಟು ಸರಿಯಾಯಿತು, ಎಂದಿನ ಕ್ರಮದಲ್ಲಿ ತಜ್ಞರದು 93.9. ಯಂತ್ರಕ್ಕೆ ಹಿಡಿದ ಕಾಲ ಎರಡೂವರೆ ನಿಮಿಷದೊಳಗೆ! 2023ರಲ್ಲಿ ನೆದರ್‌ಲೆಂಡ್ಸಿನ ವಿಜ್ಞಾನಿಗಳು ಗಡ್ಡೆಯ ಡಿಎನ್‌ಎಯ ಗುರುತುಗಳನ್ನೇ ಶಸ್ತ್ರಕ್ರಿಯೆಯ ವೇಳೆ ಓದಿದ ವೃತ್ತಾಂತವನ್ನು ಪ್ರಕಟಿಸಿದರು. 25 ಶಸ್ತ್ರಕ್ರಿಯೆಗಳಲ್ಲಿ 18ಕ್ಕೆ ಒಂದೂವರೆ ಗಂಟೆಯೊಳಗೆ ಸರಿಯಾದ ಉತ್ತರ ದೊರೆಯಿತು. ಉಳಿದ 7ರಲ್ಲಿ ಸಾಕಷ್ಟು ನಿಶ್ಚಯವಿಲ್ಲವೆಂದು ಉತ್ತರವನ್ನು ತಡೆಹಿಡಿಯಲಾಯಿತು. ತಪ್ಪು ಹೇಳುವುದಕ್ಕಿಂತ ಮೌನವೇ ಮೇಲೆಂಬುದು ಇಲ್ಲಿ ಬರಿಯ ನೀತಿಯಲ್ಲ, ರೋಗಿಯ ರಕ್ಷಣೆ.

ಗೃಹಸ್ಥರು ನೆನಪಿಡಬೇಕಾದುದಿಷ್ಟು. ಶಸ್ತ್ರಕ್ರಿಯೆಯ ನಡುವೆ ದೊರೆಯುವ ಉತ್ತರವು ಸಾಮಾನ್ಯವಾಗಿ ಮೊದಲ ಮಾತು, ಕಡೆಯ ತೀರ್ಪಲ್ಲ. ಪೂರ್ಣ ವರದಿಗೆ ಕೆಲವು ದಿನಗಳು ಬೇಕು. ಅದು ಮೊದಲಿನದಕ್ಕಿಂತ ಬೇರೆಯಾದರೆ ಯಾರೋ ಎಡವಿದರೆಂದು ಒಡನೆಯೇ ಭಾವಿಸಲಾಗದು. ವೈದ್ಯರು ಗಡ್ಡೆಯನ್ನು ಪೂರ್ತಿ ತೆಗೆಯದೆ ಹೊರಬಂದರೆ ಕೈಚೆಲ್ಲಿದರೆಂದೂ ಅರ್ಥವಲ್ಲ. ಯಾವ ಉತ್ತರ ಬಂದರೆ ಏನು ಮಾಡುವಿರೆಂದು ಶಸ್ತ್ರಕ್ರಿಯೆಗೆ ಮುನ್ನವೇ ವೈದ್ಯರನ್ನು ವಿನಯದಿಂದ ಕೇಳಿ ತಿಳಿದುಕೊಳ್ಳುವುದು ಉತ್ತಮ.