ಗುಂಡಿಗೆ ಮೊಸಳೆ ಬಿಟ್ಟವನು ನಮ್ಮವನೇ ಮಾರಾಯ್ರೆ!

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಒಬ್ಬ ಮಹಾಶಯ ವಾಹನಗಳ ನಡುವೆ ಕುರ್ಚಿ ಹಾಕಿಕೊಂಡು ಕೂತು ಚಾ ಕುಡಿದ. ಅದನ್ನು ರೀಲ್ ಮಾಡಿ ಬಿಟ್ಟ. ಪೊಲೀಸರು ಹಿಡಿದುಕೊಂಡು ಹೋದರು. ನೀವೆಲ್ಲ ನೋಡಿ ನಕ್ಕಿರಿ, ಮುಂದಕ್ಕೆ ಕಳಿಸಿದಿರಿ, ಮರೆತಿರಿ. ಆ ಚಾದಿಂದ ಯಾರಿಗೆ ಏನು ಬಂತು? ಕುಡಿದವನಿಗೆ ಕೇಸು ಬಂತು, ಅಷ್ಟೇ.

ಅದೇ ಮಾಗಡಿ ರಸ್ತೆಯ ಕಡೆಯ ಇನ್ನೊಂದು ಚೇಷ್ಟೆಯ ಕತೆ ಹೇಳುತ್ತೇನೆ. ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆ. 2019ರ ಸೆಪ್ಟೆಂಬರ್ 2. ಆ ದಿನವೇ ಚಂದ್ರಯಾನ-2ರ ವಿಕ್ರಮ್ ನೌಕೆಯಿಂದ ಬೇರ್ಪಟ್ಟಿತ್ತು, ದೇಶವೇ ಆಕಾಶ ನೋಡುತ್ತಿತ್ತು. ಆಗ ಒಂದು ನಿಮಿಷದ ವಿಡಿಯೋ ಹೊರಬಿತ್ತು. ಬಿಳಿ ಪೋಷಾಕಿನ ಗಗನಯಾತ್ರಿ ಕುಳಿ ಬಿದ್ದ ನೆಲದ ಮೇಲೆ ತೇಲಿದಂತೆ ಹೆಜ್ಜೆ ಇಡುತ್ತಿದ್ದಾನೆ. ಚಂದ್ರನೇ ಸರಿ ಎನ್ನುವಷ್ಟರಲ್ಲಿ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ! ಪೋಷಾಕಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು. ಮಾಡಿಸಿದವರು ಬಾದಲ್ ನಂಜುಂಡಸ್ವಾಮಿ. ಮರುದಿನವೇ ಆಗಿನ ಬಿಬಿಎಂಪಿಯವರು ರಸ್ತೆ ರಿಪೇರಿಗೆ ಓಡಿಬಂದರು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಳಿಯ, ಅಕ್ಕನ ಮಗ, ಆ ವಿಡಿಯೋ ನನಗೆ ಕಳಿಸಿದ್ದ. ಜೊತೆಗೆ ಇಂಗ್ಲಿಷಿನಲ್ಲಿ ಎರಡು ಸಾಲು, ನಾಲ್ಕು ನಗುವ ಮುಖ. ಫೋನು ಮಾಡಿ ಕೇಳಿದೆ, "ಯಾರು ಮಾಡಿದ್ದೋ ಇದು?"

"ಗೊತ್ತಿಲ್ಲ ಮಾವ, ಯಾರೋ ಬೆಂಗಳೂರು ಆರ್ಟಿಸ್ಟು."

ಯಾರೋ! ಹೆಸರಿನಲ್ಲಿ ಬಾದಲ್ ಇದೆ ಎಂದು ಮುನಿಸಿಕೊಳ್ಳಬೇಡಿ, ಅಪ್ಪಟ ಮೈಸೂರಿನ ಮನುಷ್ಯ. ಅಲ್ಲಿಯ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಕಾವಾದಲ್ಲಿ ಕಲಿತವರು. ಜಾಹೀರಾತು ಕಂಪನಿಯ ನೌಕರಿ ಬಿಟ್ಟು ರಸ್ತೆಗಿಳಿದವರು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಬಾಯ್ತೆರೆದು ಬಿದ್ದಿದ್ದ ಹೊಂಡಕ್ಕೆ ಇಪ್ಪತ್ತು ಕಿಲೋ ತೂಕದ ಮೊಸಳೆ ಮಾಡಿ ಬಿಟ್ಟರು. ಖರ್ಚು ಸುಮಾರು 6000 ರೂಪಾಯಿ, ಅವರದೇ ಕೈಯಿಂದ. ಜನ ಬಂದು ಮೊಸಳೆಯ ಫೋಟೋ ತೆಗೆದರು, ಪತ್ರಿಕೆಗಳು ಬರೆದವು, ಹೊಂಡ ಮುಚ್ಚಿತು. 2017ರಲ್ಲಿ ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆ ಮಾಡಿ ಗುಂಡಿಯ ನೀರಿನಲ್ಲಿ ಕೂರಿಸಿದರು. ಇನ್ನೊಮ್ಮೆ ಮುರಿದ ಮ್ಯಾನ್‌ಹೋಲಿನ ಸುತ್ತ ಯಮರಾಯನ ಮುಖ ಬರೆದು, ತೂತನ್ನೇ ಅವನ ಬಾಯಿ ಮಾಡಿದ್ದರು.

ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ನಾನು ಕರ್ಕಿಯಲ್ಲಿ ಪ್ರೆಸ್ ಇಟ್ಟುಕೊಂಡವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮುಂದೆ ನಿಂತವನು. ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡ ಮನೆತನ ನಮ್ಮದು, ಅಕ್ಷರಕ್ಕೆ ಶಕ್ತಿಯಿದೆ ಎಂದು ನಂಬಿ ಅನ್ನ ಉಂಡವರು. ಒಂದು ಮಳೆಗಾಲದಲ್ಲಿ ಊರ ಒಳರಸ್ತೆಗಾಗಿ ಸಾವಿರ ಕರಪತ್ರ ಪುಕ್ಕಟೆ ಹೊಡೆದುಕೊಟ್ಟೆ. 'ಮಾನ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಶುರು. ಮಾನ್ಯರ ಗಮನಕ್ಕೆ ಬರಲೇ ಇಲ್ಲ. ಕಚೇರಿಯೊಂದರಲ್ಲಿ ಅದೇ ಕರಪತ್ರದ ಮೇಲೆ ಬೋಂಡಾ ಇಟ್ಟು ತಿನ್ನುತ್ತಿದ್ದುದನ್ನು ಕಣ್ಣಾರೆ ಕಂಡೆ. ನನ್ನ ಸಾವಿರ ಹಾಳೆ ಮಾಡದ್ದನ್ನು ಒಂದು ಅಕ್ಷರವಿಲ್ಲದ ಮೊಸಳೆ ಮಾಡಿತು.

ಹಾಗಾದರೆ ಇದು ಫಾರಿನ್ನಿಂದ ಬಂದ ವಿದ್ಯೆಯೇ? ಅಲ್ಲ ಸ್ವಾಮಿ. ನಮ್ಮ ಅಂಕೋಲಾ ಕಡೆಗೆ ಸುಗ್ಗಿಯಲ್ಲಿ ಬನ್ನಿ. ಹಾಲಕ್ಕಿ ಒಕ್ಕಲಿಗರು 'ಹಗರಣ' ಕಟ್ಟುತ್ತಾರೆ. ಆ ವರ್ಷ ನಡೆದ ಅವಾಂತರಗಳನ್ನೆಲ್ಲ ವೇಷ ಹಾಕಿ, ಅಣಕ ಮಾಡಿ ಬೀದಿಯಲ್ಲಿ ಮೆರೆಸುತ್ತಾರೆ. ನಿಮಗೆ ಹಗರಣ ಎಂದರೆ ಮಂತ್ರಿಗಳು ದುಡ್ಡು ತಿನ್ನುವುದು. ಹಳಗನ್ನಡದ 'ಪಗರಣ' ಎಂದರೆ ಅಣಕದ ಆಟ. ದುಡ್ಡು ತಿಂದವನನ್ನು ಬೀದಿಯಲ್ಲಿ ನಗೆಗೀಡು ಮಾಡುವ ಆಟದ ಹೆಸರನ್ನೇ ತಿಂದವನ ಕೆಲಸಕ್ಕೆ ಕೊಟ್ಟುಬಿಟ್ಟಿದ್ದೇವೆ! ನಮ್ಮ ಕರ್ಕಿಯೋ, ಯಕ್ಷಗಾನದಲ್ಲಿ ಹಾಸ್ಯಗಾರರ ಮನೆತನದಿಂದಲೇ ಹೆಸರಾದ ಊರು. ಆಟದಲ್ಲಿ ರಾಜನ ಎದುರು ಯಾರೂ ಆಡಲಾರದ ಮಾತನ್ನು ಹಾಸ್ಯಗಾರ ಆಡುತ್ತಾನೆ, ರಾಜ ಕೇಳಿಸಿಕೊಳ್ಳಲೇಬೇಕು. ಕನ್ನಡ ಚಳವಳಿಗೂ ಇದು ಹೊಸತಲ್ಲ. ವಾಟಾಳ್ ನಾಗರಾಜ್ ಕತ್ತೆಗಳ ಮೆರವಣಿಗೆ ಮಾಡಿದಾಗ ಇಂಗ್ಲಿಷ್ ಪತ್ರಿಕೆಗಳು ಕಿಸಕ್ಕೆಂದು ನಕ್ಕವು. ಆದರೆ ಫೋಟೋ ಹಾಕದೆ ಬಿಟ್ಟವೇ?

ಒಂದು ಮಾತು ಮಾತ್ರ ಗಮನಿಸಿ. ಬಾದಲ್ ಅವರ ಮೊಸಳೆಗೆ ವಿಳಾಸವಿತ್ತು. ಇದೇ ರಸ್ತೆ, ಇದೇ ಹೊಂಡ, ಮುಚ್ಚಬೇಕಾದವರು ಇವರೇ. ಕುರ್ಚಿ ಹಾಕಿ ಚಾ ಕುಡಿದವನಿಗೆ ತನ್ನ ಮುಖ ಬಿಟ್ಟರೆ ಬೇರೆ ವಿಳಾಸವಿರಲಿಲ್ಲ. ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. ಮೊಸಳೆ ಕೂತ ಗುಂಡಿ ಮುಚ್ಚುತ್ತದೆ, ಪಕ್ಕದ ಬೀದಿಯ ಗುಂಡಿ ಇನ್ನೊಂದು ಮೊಸಳೆಗೆ ಕಾಯುತ್ತದೆ. ಊರಿಗೆಲ್ಲ ಒಬ್ಬನೇ ಕಲಾವಿದ ಎಷ್ಟು ಮೊಸಳೆ ಮಾಡಿಯಾನು?

ಅದಕ್ಕೇ ನಿಮ್ಮನ್ನು ಕೇಳುವುದು. ಚಂದ್ರನ ನಡಿಗೆಯಲ್ಲಿ ಮಾತಿಲ್ಲ, ಅದಕ್ಕೇ ಅದು ಜಗತ್ತು ಸುತ್ತಿತು. 'ಕನ್ನಡ ಏಕಿಲ್ಲ' ಎಂದು ನಾನು ತಕರಾರು ತೆಗೆಯುವುದಿಲ್ಲ. ಆದರೆ ಕಳಿಸುವಾಗ ನೀವು ಬರೆಯುವ ಎರಡು ಸಾಲು ನಿಮ್ಮದಲ್ಲವೇ? ಅದರಲ್ಲಿ ಕಲಾವಿದನ ಹೆಸರಿಲ್ಲ, ಊರಿಲ್ಲ, ಕನ್ನಡವೂ ಇಲ್ಲ. ಫೋನಿನಲ್ಲಿ ಕನ್ನಡದ ಕೀಲಿಮಣೆ ಪುಕ್ಕಟೆ ಕೂತಿದೆ. ನಮ್ಮಪ್ಪನಿಗೆ ಒಂದು ಒತ್ತಕ್ಷರದ ಮೊಳೆ ಸವೆದರೆ ಹೊಸತು ತರಿಸಲು ದಿನಗಟ್ಟಲೆ ಕಾಯಬೇಕಿತ್ತು, ನಿಮಗೆ ಬೆರಳು ತಾಗಿಸಲು ಬೇಸರ! ಅಳಿಯನಿಗೆ ಅದನ್ನೇ ಬೈದೆ. ಎರಡು ದಿನ ಬಿಟ್ಟು ಅದೇ ವಿಡಿಯೋ ಮತ್ತೆ ಕಳಿಸಿದ. ಕೆಳಗೆ ಕನ್ನಡದಲ್ಲಿ, 'ಮೈಸೂರಿನ ಬಾದಲ್ ನಂಜುಂಡಸ್ವಾಮಿ, ಸ್ಥಳ ತುಂಗಾನಗರ' ಎಂದಿತ್ತು. ಒಂದು ಕಾಗುಣಿತ ತಪ್ಪಿತ್ತು. ತಿದ್ದಿ ವಾಪಸು ಕಳಿಸಿದೆ.

ಕರ್ಕಿಯ ಆ ಒಳರಸ್ತೆ ಇನ್ನೂ ಹಾಗೇ ಇದೆ. ದೀಪಾವಳಿಗೆ ಬರುವಾಗ ಬಣ್ಣದ ಡಬ್ಬಿ ತರುತ್ತೇನೆ ಅಂದಿದ್ದಾನೆ. ಮೊಸಳೆ ಬೇಡ, ಸಮುದ್ರದ ಊರಿನಲ್ಲಿ ಬಂಗಡೆ ಬರೆಯೋಣ ಎಂದಿದ್ದೇನೆ.