ನಾಲ್ಕೂವರೆ ಅಡಿಯ ಅಂಚಿನಲ್ಲಿ ಬದುಕಿದವರು

2024ರ ನವೆಂಬರ್ 19ರ ರಾತ್ರಿ ಸ್ಪೇನಿನ ಮಲಗಾ ನಗರದಲ್ಲಿ ರಫೆಲ್ ನಡಾಲ್ ಟೆನಿಸ್ ಲೋಕಕ್ಕೆ ವಿದಾಯ ಹೇಳಿದ್ದನ್ನು ಜಗತ್ತೇ ನೋಡಿತು. ಡೇವಿಸ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಸ್ಪೇನ್ ತಂಡ ನೆದರ್‌ಲೆಂಡ್ಸ್‌ಗೆ 2–1ರಿಂದ ಸೋತಿತ್ತು. ಆ ಸೋಲನ್ನು ಖಚಿತಗೊಳಿಸಿದ್ದು ಕೊನೆಯ ಡಬಲ್ಸ್ ಪಂದ್ಯ. ಕಾರ್ಲೋಸ್ ಅಲ್ಕರಾಜ್ ಮತ್ತು ಮಾರ್ಸೆಲ್ ಗ್ರನೊಯೆರ್ಸ್ ಜೋಡಿಯನ್ನು ಎರಡು ಟೈಬ್ರೇಕರ್‌ಗಳಲ್ಲಿ ಮಣಿಸಿದ ಡಚ್ ಜೋಡಿಯಲ್ಲಿ ವೆಸ್ಲಿ ಕೂಲ್‌ಹಾಫ್ ಎಂಬ 35 ವರ್ಷದ ಆಟಗಾರನಿದ್ದ. ಆ ಋತುವಿನ ಕೊನೆಗೆ ನಿವೃತ್ತನಾಗುವುದಾಗಿ ಆತ ಮೊದಲೇ ಪ್ರಕಟಿಸಿದ್ದ. ಮುಂದೆ ಅವನ ತಂಡ ಸೆಮಿಫೈನಲ್ ಗೆದ್ದಿತು, ಫೈನಲ್‌ನಲ್ಲಿ ಇಟಲಿಗೆ ಸೋತಿತು. ಎರಡೂ ಕಡೆ ಸಿಂಗಲ್ಸ್‌ನಲ್ಲಿಯೇ ಫಲಿತಾಂಶ ನಿರ್ಧಾರವಾದ್ದರಿಂದ ಡಬಲ್ಸ್ ಆಡುವ ಪ್ರಮೇಯವೇ ಬರಲಿಲ್ಲ. ಹಾಗಾಗಿ ನಡಾಲ್ ಕಣ್ಣೀರಿಟ್ಟ ಆ ರಾತ್ರಿಯೇ ಕೂಲ್‌ಹಾಫ್‌ನ ಕೊನೆಯ ಪಂದ್ಯವೂ ಮುಗಿದಿತ್ತು. ವಿಂಬಲ್ಡನ್ ಗೆದ್ದವನು, ವಿಶ್ವದ ಒಂದನೇ ಕ್ರಮಾಂಕದಲ್ಲಿದ್ದವನು ಗೆದ್ದು ಹೊರನಡೆದ. ಕ್ಯಾಮೆರಾಗಳೆಲ್ಲ ಸೋತವನ ಕಡೆಗೆ ತಿರುಗಿದ್ದವು.

ನಡಾಲ್ ನಡಾಲನೇ. ಅದರ ಬಗ್ಗೆ ತಕರಾರಿಲ್ಲ. ಆದರೆ ಡಬಲ್ಸ್ ಆಟಗಾರನ ವೃತ್ತಿಬದುಕು ಎಂಥದ್ದು ಎಂಬುದನ್ನು ಆ ಒಂದು ರಾತ್ರಿ ಹೇಳಿದಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು. ಟೆನಿಸ್ ಅಂಕಣದ ಉದ್ದ 78 ಅಡಿ. ಸಿಂಗಲ್ಸ್‌ಗೆ ಅಗಲ 27 ಅಡಿ, ಡಬಲ್ಸ್‌ಗೆ 36. ಎರಡೂ ಬದಿಗೆ ಸೇರಿಕೊಳ್ಳುವ ನಾಲ್ಕೂವರೆ ಅಡಿಯ ಆ ಪಟ್ಟಿಯೇ ಇವರ ಅನ್ನದ ನೆಲ. ಅದರ ಫಸಲೂ ಅಷ್ಟಕ್ಕಷ್ಟೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದವನಿಗೆ ಸಿಕ್ಕಿದ್ದು ಮೂವತ್ತೊಂದೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 7,30,000 ಡಾಲರ್, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು.

ಆ ವರ್ಷ ಅದನ್ನು ಹಂಚಿಕೊಂಡವರಲ್ಲಿ ಒಬ್ಬರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಅವರು ಆ ಪ್ರಶಸ್ತಿ ಗೆದ್ದಾಗ ಅವರ ವಯಸ್ಸು 43. ಅದೇ ವಾರ ಅವರು ಮೊದಲ ಬಾರಿಗೆ ವಿಶ್ವದ ಒಂದನೇ ಕ್ರಮಾಂಕವನ್ನೂ ಖಚಿತಪಡಿಸಿಕೊಂಡರು. 2025ರ ನವೆಂಬರ್ 1ರಂದು, 45ನೆಯ ವಯಸ್ಸಿನಲ್ಲಿ, ಬೋಪಣ್ಣ ನಿವೃತ್ತಿ ಪ್ರಕಟಿಸಿದರು. ನಮ್ಮ ಪತ್ರಿಕೆಗಳು ಬರೆದದ್ದರಲ್ಲಿ ಬಹುಪಾಲು ಅವರ ವಯಸ್ಸಿನ ಕುರಿತೇ ಇತ್ತು. ಛಲ, ತಪಸ್ಸು, ಮಾಗಿದ ಯೌವನ ಮೊದಲಾದ ಪದಗಳು ಧಾರಾಳವಾಗಿ ಹರಿದವು. ಅವು ಸುಳ್ಳಲ್ಲ. ಆದರೆ ವಯಸ್ಸನ್ನಷ್ಟೇ ಕೊಂಡಾಡುವುದರಲ್ಲಿ ಒಂದು ಅನುಕೂಲವಿದೆ; ಉಳಿದ ಪ್ರಶ್ನೆಗಳನ್ನು ಕೇಳಬೇಕಾಗುವುದಿಲ್ಲ.

ಬೋಪಣ್ಣನವರ ವೃತ್ತಿಬದುಕಿನ ತಿರುವುಗಳಲ್ಲೆಲ್ಲ ಒಬ್ಬ ಡಚ್ಚಿಗ ನಿಂತಿರುವುದು ಕುತೂಹಲದ ಸಂಗತಿ. 2015ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಬೋಪಣ್ಣ ಮತ್ತು ಫ್ಲೋರಿನ್ ಮೆರ್ಗಿಯ ಐದನೇ ಸೆಟ್‌ನಲ್ಲಿ 13–11ರಿಂದ ಸೋತದ್ದು ನೆದರ್‌ಲೆಂಡ್ಸ್‌ನ ಜೀನ್ ಜೂಲಿಯನ್ ರೋಜರ್ ಇದ್ದ ಜೋಡಿಗೆ. ಅದೇ ವರ್ಷ ಲಂಡನ್ನಿನ ವರ್ಷಾಂತ್ಯದ ಫೈನಲ್‌ನಲ್ಲಿ ಸೋತದ್ದೂ ಅವರಿಗೇ. 2022ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಬೋಪಣ್ಣನವರ ಜೊತೆಗಾರನೂ ಡಚ್ಚಿಗ, ಮ್ಯಾಟ್ವೆ ಮಿಡಲ್‌ಕೂಪ್; ಎದುರಿಗೆ ಮತ್ತೆ ರೋಜರ್. ಕೊನೆಯ ಟೈಬ್ರೇಕರ್‌ನಲ್ಲಿ 10–8ರಿಂದ ಸೋಲು. ಆ ಪ್ರಶಸ್ತಿ ಗೆದ್ದು, 40ರ ವಯಸ್ಸಿನಲ್ಲಿ, ಓಪನ್ ಯುಗದಲ್ಲಿ ಗ್ರ್ಯಾನ್ ಸ್ಲ್ಯಾಮ್ ಪುರುಷರ ಡಬಲ್ಸ್ ಗೆದ್ದ ಹಿರಿಯನೆಂಬ ದಾಖಲೆ ಬರೆದವರು ರೋಜರ್. ಬೋಪಣ್ಣ 2024ರಲ್ಲಿ ಮುರಿದದ್ದು ಆ ದಾಖಲೆಯನ್ನೇ. 2023ರಲ್ಲಿ ಇಂಡಿಯನ್ ವೆಲ್ಸ್ ಫೈನಲ್‌ನಲ್ಲಿ ಬೋಪಣ್ಣ ಮತ್ತು ಎಬ್ಡೆನ್ ಸೋಲಿಸಿದ್ದು ಕೂಲ್‌ಹಾಫ್ ಮತ್ತು ನೀಲ್ ಸ್ಕಪ್‌ಸ್ಕಿ ಜೋಡಿಯನ್ನು. ನಾಲ್ಕು ತಿಂಗಳಲ್ಲಿ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಅವರೇ ಇವರನ್ನು ಸೋಲಿಸಿ ಪ್ರಶಸ್ತಿಯನ್ನೂ ಎತ್ತಿದರು.

ಇದು ಕಾಕತಾಳೀಯವಲ್ಲ. ನೆದರ್‌ಲೆಂಡ್ಸ್ ಡಬಲ್ಸ್ ಆಟಗಾರರನ್ನು ಬೆಳೆಯುವ ದೇಶ. 1990ರ ದಶಕದಲ್ಲಿ ಜಾಕೊ ಎಲ್ಟಿಂಗ್ ಮತ್ತು ಪಾಲ್ ಹಾರ್‌ಹೌಸ್ ಜೋಡಿ ನಾಲ್ಕೂ ಗ್ರ್ಯಾನ್ ಸ್ಲ್ಯಾಮ್‌ಗಳನ್ನು ಗೆದ್ದಿತ್ತು. ಮಲಗಾದಲ್ಲಿ ಕೂಲ್‌ಹಾಫ್‌ನ ತಂಡಕ್ಕೆ ನಾಯಕನಾಗಿ ಅಂಕಣದ ಬದಿ ಕುಳಿತಿದ್ದವರು ಅದೇ ಹಾರ್‌ಹೌಸ್. ಕೂಲ್‌ಹಾಫ್ ಸಿಂಗಲ್ಸ್‌ನಲ್ಲಿ ವಿಶ್ವದ ಮೊದಲ 400ರೊಳಗೂ ಬರಲಾಗದ ಆಟಗಾರ. ನಮ್ಮಲ್ಲಾಗಿದ್ದರೆ ಇಪ್ಪತ್ತೆರಡು ಇಪ್ಪತ್ಮೂರರ ಹೊತ್ತಿಗೆ ರ‍್ಯಾಕೆಟ್ ಅಟ್ಟಕ್ಕೆಸೆದು ಬ್ಯಾಂಕಿನ ಪರೀಕ್ಷೆಗೆ ಕೂರಿಸುತ್ತಿದ್ದರು. ಅಲ್ಲಿ ಅಂಥವನಿಗೂ ಇನ್ನೊಂದು ದಾರಿಯಿತ್ತು, ಆ ದಾರಿ ನಡೆದವರು ಕಣ್ಣೆದುರಿಗಿದ್ದರು. 2022ರ ನವೆಂಬರ್ ಹೊತ್ತಿಗೆ ಆತ ಡಬಲ್ಸ್‌ನಲ್ಲಿ ವಿಶ್ವದ ಒಂದನೆಯವನಾದ. ಎರಡೇ ವರ್ಷದಲ್ಲಿ, ಇನ್ನೂ ಗೆಲ್ಲುತ್ತಿರುವಾಗಲೇ, ಕುಟುಂಬಕ್ಕೆ ಸಮಯ ಬೇಕೆಂದು ಆಟ ನಿಲ್ಲಿಸಿದ. 45ರವರೆಗೆ ಆಡುವ ಛಲದಷ್ಟೇ 35ಕ್ಕೆ ನಿಲ್ಲಿಸುವ ನಿರುಮ್ಮಳವೂ ನನಗೆ ದೊಡ್ಡದೆನಿಸುತ್ತದೆ.

ಆ ನಿರುಮ್ಮಳದ ಹಿಂದೆ ಒಂದು ವ್ಯವಸ್ಥೆಯಿದೆ. ಡಚ್ ಟೆನಿಸ್ ಸಂಸ್ಥೆ ಹುಟ್ಟಿದ್ದು 1899ರಲ್ಲಿ. ಸುಮಾರು 1.8 ಕೋಟಿ ಜನರ ಆ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಅದರ ಸದಸ್ಯರು. ಸಣ್ಣಪುಟ್ಟ ಪಟ್ಟಣಗಳಲ್ಲೂ ಟೆನಿಸ್ ಕ್ಲಬ್ ಇದೆ. ಅಲ್ಲಿ ಕ್ಲಬ್ ಎಂದರೆ ನಮ್ಮ ಹಾಗೆ ಸಮವಸ್ತ್ರದ ಪರಿಚಾರಕರೂ ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯುವ ಸಾಲೂ ಅಲ್ಲ. ಊರಿನವರೇ ಸೇರಿ ನಡೆಸುವ ಸಂಘ. ಒಬ್ಬ ಮೇಷ್ಟ್ರು ಲೆಕ್ಕ ಬರೆಯುತ್ತಾನೆ, ಒಬ್ಬ ಅಂಗಡಿಯವನು ಬಲೆ ಬಿಗಿಯುತ್ತಾನೆ. ಸಂಜೆ ಅಂಕಣ ಕಡಿಮೆ, ಆಡುವವರು ಹೆಚ್ಚಾದಾಗ ನಾಲ್ವರು ಒಟ್ಟಿಗೆ ಆಡುವುದು ಸಹಜ. ಡಬಲ್ಸ್ ಎಂಬುದು ಹೀಗೆ ಊರಾಟ.

ಅಂದಹಾಗೆ, ಆ ದೇಶದ ವಿಸ್ತೀರ್ಣ ಸುಮಾರು 41,500 ಚದರ ಕಿಲೋಮೀಟರ್. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ನೆಲವಾಗುತ್ತದೆ. ಈ ಹೋಲಿಕೆ ಹೊಳೆದ ಮೇಲೆ ನಾನು ಬಲ್ಲ ಸುಲೇಪೇಟದ ಕಡೆಗೆ ಮನಸ್ಸು ಹೋಗದಿರಲು ಸಾಧ್ಯವಿಲ್ಲ.

ಚಿಂಚೋಳಿ ತಾಲ್ಲೂಕಿನ ಸುಲೇಪೇಟ ತೊಗರಿಯ ಊರು. ಇಲ್ಲಿಯ ಹುಡುಗರು ಆಡುವುದಿಲ್ಲವೆಂದಲ್ಲ. ಶಾಲೆಯ ಮೈದಾನದಲ್ಲಿ ಎರಡು ಕಂಬ ನೆಟ್ಟರೆ ವಾಲಿಬಾಲ್, ಗೆರೆ ಎಳೆದರೆ ಕಬಡ್ಡಿ, ಜಾತ್ರೆ ಬಂದರೆ ಕುಸ್ತಿ, ಉಳಿದ ದಿನವೆಲ್ಲ ಕ್ರಿಕೆಟ್. ಟೆನಿಸ್ ಮಾತ್ರ ಈ ಸೀಮೆಯಲ್ಲಿ ಬೇಲಿಯೊಳಗಿನ ಆಟ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕಡೆ ಅದನ್ನು ಕಂಡವರಿದ್ದರೆ ಅವರು ಕಂಡದ್ದು ಕಾರ್ಖಾನೆಯ ಕಾಲೊನಿಯ ತಂತಿಯಾಚೆಗೋ ಅಧಿಕಾರಿಗಳ ಕ್ಲಬ್ಬಿನ ಗೋಡೆಯ ಸಂದಿಯಲ್ಲೋ. ಬಿಳಿ ಉಡುಪಿನ ಸಾಹೇಬರು ಆಡುವುದು, ಊರ ಹುಡುಗರು ಹೊರಬಿದ್ದ ಚೆಂಡು ಹೆಕ್ಕಿಕೊಡುವುದು ಎಂಬ ಚಿತ್ರವನ್ನು ಬ್ರಿಟಿಷರ ಕಾಲಕ್ಕೇ ಬಿಟ್ಟುಬಂದೆವೆಂದು ಭಾವಿಸಿದವರು ಒಮ್ಮೆ ಈ ಕಡೆ ಬಂದು ನೋಡಬೇಕು.

2023ರ ಕೊನೆಯಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಪುರುಷರ ಟೂರ್ನಿ ನಡೆಯಿತು. ಹೊರದೇಶದ ಆಟಗಾರರೂ ಬಂದಿದ್ದರು. ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಅದು ಒಳ್ಳೆಯ ಕೆಲಸ, ಮಾಡಿದವರನ್ನು ಅಭಿನಂದಿಸಬೇಕು. ಆದರೆ ಟೂರ್ನಿಯೆಂಬುದು ಮದುವೆಯ ಚಪ್ಪರವಿದ್ದ ಹಾಗೆ. ಚಪ್ಪರ ಬಿಚ್ಚಿದ ಮರುದಿನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂಬುದು ಬೇರೆ ಮಾತು. ಚಿಂಚೋಳಿ ತಾಲ್ಲೂಕಿನ ಹತ್ತು ವರ್ಷದ ಹುಡುಗಿಯೊಬ್ಬಳು ಆ ಟೂರ್ನಿ ನೋಡಿ ತನಗೂ ಆಡಬೇಕೆನಿಸಿತು ಎಂದರೆ ಅವಳಪ್ಪ ಅವಳನ್ನು ನಾಳೆ ಸಂಜೆ ಎಲ್ಲಿಗೆ ಕರೆದೊಯ್ಯಬೇಕು?

ಬೋಪಣ್ಣನವರ ತಂದೆಗೆ ಈ ಪ್ರಶ್ನೆಗೆ ಉತ್ತರವಿತ್ತು. ಕಾಫಿ ಬೆಳೆಗಾರರಾದ ಅವರು ಮಗನನ್ನು ಹನ್ನೊಂದನೆಯ ವಯಸ್ಸಿಗೆ ಟೆನಿಸ್‌ಗೆ ಹಾಕಿದರು. ಮುಂದೆ ಪುಣೆಯಲ್ಲಿ ನಂದನ್ ಬಾಳ್ ಅವರ ಬಳಿ ತರಬೇತಿಗೆ ಕಳುಹಿಸಿದರು. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದು, ಕಾಫಿ ತೋಟದಲ್ಲಿ ಓಡಿದ್ದು, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ್ದು ಇವನ್ನೆಲ್ಲ ಬೋಪಣ್ಣ ತಮ್ಮ ವಿದಾಯ ಸಂದೇಶದಲ್ಲಿ ನೆನೆದಿದ್ದಾರೆ. ಅಂಕಣ ಬಿರುಕು ಬಿಟ್ಟಿತ್ತು, ನಿಜ. ಆದರೆ ಅಂಕಣವಿತ್ತು. ಅವರ ದಾರಿಯೂ ಸುಗಮವಾಗಿರಲಿಲ್ಲ. ಸಿಂಗಲ್ಸ್‌ನಲ್ಲಿ ಅವರು ಏರಿದ ಅತ್ಯುನ್ನತ ಕ್ರಮಾಂಕ 213. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ತಲುಪುವಾಗ ಅವರಿಗೆ ಮೂವತ್ತು. ಮೊದಲ ಗ್ರ್ಯಾನ್ ಸ್ಲ್ಯಾಮ್ ಕಿರೀಟ ದೊರೆತದ್ದು 2017ರಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೊವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ. 2021ರ ಆರಂಭದ ತಿಂಗಳುಗಳಲ್ಲಿ ಒಂದೂ ಪಂದ್ಯ ಗೆಲ್ಲಲಾಗದೆ ಆಟ ಬಿಡುವ ಯೋಚನೆ ಮಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ನೋವು ಇಳಿಸಿ ಅವರನ್ನು ಅಂಕಣದಲ್ಲಿ ಉಳಿಸಿದ್ದು ಅಯ್ಯಂಗಾರ್ ಯೋಗ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಪುಣೆಯಲ್ಲಿ ಬೆಳೆಸಿದ ಪದ್ಧತಿ. ಇಷ್ಟೆಲ್ಲ ಕೂಡಿಬಂದು ಒಬ್ಬ ಬೋಪಣ್ಣ ಆದರು. ತಂದೆಯ ತೋಟ, ಪುಣೆಯ ಗುರು, ಯೋಗ, ಇಪ್ಪತ್ತು ವರ್ಷದ ಸಹನೆ ಇವುಗಳಲ್ಲಿ ಯಾವ ಒಂದು ತಪ್ಪಿದ್ದರೂ ಆಗುತ್ತಿರಲಿಲ್ಲ. ಒಂದು ನಾಡು ತನ್ನ ಕ್ರೀಡೆಯನ್ನು ಇಂಥ ಯೋಗಾಯೋಗದ ಮೇಲೆ ನಿಲ್ಲಿಸಬಹುದೇ?

ಕುಡಿಯುವ ನೀರಿಗೂ ಶಾಲಾ ಕೊಠಡಿಗೂ ಗತಿಯಿಲ್ಲದ ಕಡೆ ಟೆನಿಸ್ ಯಾರಿಗೆ ಬೇಕು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಕಣಗಳಿಗೆ ದೀಪ ಹಾಕುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸುಲೇಪೇಟದ ಹೆಸರು ಬಂದಾಗ ಮಾತ್ರ ಅದು ತಟ್ಟನೆ ನೆನಪಾಗುತ್ತದೆ. ಹಿಂದುಳಿದ ಪ್ರದೇಶವೆಂದರೆ ಅಲ್ಲಿಯವರಿಗೆ ಅಕ್ಕಿ, ಔಷಧಿ, ರಸ್ತೆಗಳಷ್ಟೇ ಸಾಕು, ಸಂಜೆಯ ಆಟ ಬೇಡ ಎಂಬ ಭಾವನೆ ನಮ್ಮ ಯೋಜನೆಗಳೊಳಗೆ ಹೇಗೋ ಸೇರಿಕೊಂಡುಬಿಟ್ಟಿದೆ. ಸಂವಿಧಾನದ 371(ಜೆ) ಕಲಮಿನಡಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದದ್ದು 2013ರಲ್ಲಿ. ಅಂಥ ಹಣ ಬಂದಾಗ ನಮಗೆ ಮೊದಲು ಹೊಳೆಯುವುದು ಕಾಂಕ್ರೀಟ್: ಪ್ರೇಕ್ಷಕರ ಮೆಟ್ಟಿಲು, ಕಮಾನು, ಶಿಲಾಫಲಕ. ಅಂಕಣ ಕಟ್ಟುವುದು ಕಷ್ಟವಲ್ಲ. ಬೆಳಿಗ್ಗೆ ಬೀಗ ತೆರೆದು, ಬಲೆ ಕಟ್ಟಿ, ಮಕ್ಕಳ ಕೈಗೆ ರ‍್ಯಾಕೆಟ್ ಕೊಟ್ಟು, ಸಂಜೆ ಎಣಿಸಿ ಒಳಗಿಡುವ ಒಬ್ಬ ಮನುಷ್ಯನ ಸಂಬಳಕ್ಕೆ ಯಾವ ಲೆಕ್ಕಶೀರ್ಷಿಕೆಯೂ ಇರುವುದಿಲ್ಲ. ಆತನಿಲ್ಲದ ಕ್ರೀಡಾಂಗಣದಲ್ಲಿ ಜಾಲಿ ಬೆಳೆಯುತ್ತದೆ.

ದೊಡ್ಡ ಅಂಕಣಕ್ಕಾಗಿ ಕಾಯಬೇಕೆಂದೂ ಇಲ್ಲ. ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಲ್ಲಿ ಗಟ್ಟಿಯಾದ ಹಳದಿ ಚೆಂಡನ್ನು ಬಳಸಕೂಡದು, ನಿಧಾನವಾಗಿ ಪುಟಿಯುವ ಮೆತ್ತನೆಯ ಚೆಂಡನ್ನೇ ಬಳಸಬೇಕು ಎಂದು ಅಂತರರಾಷ್ಟ್ರೀಯ ಫೆಡರೇಷನ್ 2012ರಿಂದ ನಿಯಮ ಮಾಡಿದೆ. ಅತಿ ಕಿರಿಯರ ಕೆಂಪು ಚೆಂಡಿನ ಆಟಕ್ಕೆ ಬೇಕಾದ ಅಂಕಣ 36 ಅಡಿ ಉದ್ದ, 18 ಅಡಿ ಅಗಲ. ವಾಲಿಬಾಲ್ ಅಂಕಣ ಸುಮಾರು 59 ಅಡಿ ಉದ್ದ, 29 ಅಡಿಗೆ ಮೇಲ್ಪಟ್ಟು ಅಗಲ. ಅದರೊಳಗೆ ಇದು ಸಲೀಸಾಗಿ ಹಿಡಿಸುತ್ತದೆ. ಆ ಕಂಬಗಳು ಸುಲೇಪೇಟದಲ್ಲಿ ಈಗಾಗಲೇ ಇವೆ. ಅವುಗಳ ನಡುವೆ ಮೂರಡಿಗಿಂತ ತುಸು ಕೆಳಗೆ ಒಂದು ಹಗ್ಗ ಬಿಗಿದು, ಬದಿಗೆ ಇಬ್ಬರಂತೆ ನಾಲ್ಕು ಮಕ್ಕಳನ್ನು ನಿಲ್ಲಿಸಿದರೆ ಡಬಲ್ಸ್ ಶುರು. ಇನ್ನು ಬೇಕಿರುವುದು ಒಬ್ಬ ದೈಹಿಕ ಶಿಕ್ಷಕ, ಒಂದು ಚೀಲ ಚೆಂಡು, ಗೆರೆ ಎಳೆಯಲು ಒಂದಿಷ್ಟು ಸುಣ್ಣ. ಸೇಡಂನಿಂದ ಶಹಾಬಾದದವರೆಗೆ ನೆಲವೆಲ್ಲ ಸುಣ್ಣಕಲ್ಲೇ ಆಗಿರುವ ಈ ಸೀಮೆಯಲ್ಲಿ ಕಡೆಯದಕ್ಕಂತೂ ಬರವಿಲ್ಲ.