ಮೈಕು ಕೊಳ್ಳುವ ಮುನ್ನ

ನನಗೆ ತಿಳಿದಂತೆ ನಮ್ಮ ತರಗತಿಯಲ್ಲಿ ಆರು ಮಂದಿ ಮನೆಯಲ್ಲಿಯೇ ಧ್ವನಿಮುದ್ರಣ ಮಾಡುತ್ತಾರೆ. ಒಬ್ಬ ಭಾವಗೀತೆ ಹಾಡುತ್ತಾನೆ. ಒಬ್ಬಳು ಮಕ್ಕಳಿಗೆ ಕತೆ ಹೇಳುತ್ತಾಳೆ. ಇನ್ನೊಬ್ಬ ಸ್ಪರ್ಧಾತ್ಮಕ ಪರೀಕ್ಷೆಯನ್ನು ತಾನು ಇನ್ನೂ ಬರೆಯದಿದ್ದರೂ ಅದರ ಪಾಠವನ್ನು ಬಹಳ ಧೈರ್ಯದಿಂದ ಬೋಧಿಸುತ್ತಾನೆ. ಈ ಆರು ಮಂದಿಯೂ ಒಂದಲ್ಲ ಒಂದು ದಿನ ನನ್ನನ್ನು ತಡೆದು ಕೇಳಿರುವ ಪ್ರಶ್ನೆ ಒಂದೇ: "ಐದು ಸಾವಿರದೊಳಗೆ ಯಾವ ಕಂಡೆನ್ಸರ್ ಮೈಕು ತಗೊಳ್ಳಲಿ?" ನಾನೇನೂ ಈ ವಿದ್ಯೆಯಲ್ಲಿ ಪಂಡಿತನಲ್ಲ, ಇತಿಹಾಸ ಮತ್ತು ಕನ್ನಡ ಓದುವ ಅಂತಿಮ ಬಿ.ಎ. ವಿದ್ಯಾರ್ಥಿ. ಅವರಿಗಿಂತ ಒಂದು ವರ್ಷ ಮೊದಲೇ ದುಡ್ಡು ಕಳೆದುಕೊಂಡವನೆಂಬುದೇ ನನಗಿರುವ ಅರ್ಹತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ತೂರಿನಂಥ ಊರಿನಲ್ಲಿ, ನಮ್ಮಂಥವರ ಮನೆಯಲ್ಲಿ, ಮೈಕಿನ ಹೆಸರನ್ನು ವಿಚಾರಿಸುವ ಮುನ್ನ ಮನೆಯ ಸದ್ದನ್ನು ವಿಚಾರಿಸಬೇಕು. ಅದನ್ನು ಮಾಡದೆ ಕೊಂಡ ಕಂಡೆನ್ಸರ್ ಮೈಕು ದುಡ್ಡಿಗೂ ದಂಡ, ಹಾಡಿಗೂ ದಂಡ.

ನನಗೆ ಮೈಕು ಬೇಕಾಗಿದ್ದುದು ನನ್ನ ಅಜ್ಜಿಗಾಗಿ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಗಂತೂ ಸಹಿ ಹಾಕುವುದೂ ತಿಳಿಯದು. ಆದರೆ ರಾಗಿ ಬೀಸುವಾಗಿನ ಪದ, ಮದುವೆಯ ಸೋಬಾನೆ, ಕೆರೆ ಕೋಡಿ ಬಿದ್ದಾಗ ಗಂಗಮ್ಮನಿಗೆ ಹೇಳುತ್ತಿದ್ದ ಪದ, ಇವೆಲ್ಲ ಅವಳ ಗಂಟಲಿನಲ್ಲಿವೆ. ನಮ್ಮ ಕೆರೆಯನ್ನು ಹೊರಗಿನವರು ಬಲ್ಲುದು 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿದ ಸುದ್ದಿಯಿಂದ. ಅದೇ ಕೆರೆಗೆ ಬಾಗಿನ ಕೊಟ್ಟು ಹಾಡಿದವಳು ನಮ್ಮ ಮನೆಯಲ್ಲಿ ಇನ್ನೂ ಇದ್ದಾಳೆ. ಹೋದ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿ ಎರಡು ತಿಂಗಳು ದನಿಯೇ ಹೊರಡಲಿಲ್ಲ. ಆಗ ನನಗೆ ದಿಗಿಲಾಯಿತು. ರಜೆಯಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿ ಕೂಡಿಸಿದ್ದ ಹಣದಲ್ಲಿ ನಾಲ್ಕು ಸಾವಿರದ ಎಂಟುನೂರು ಕೊಟ್ಟು, ಸ್ಟ್ಯಾಂಡು, ಜಾಲರಿ, ಸ್ಪಂಜಿನ ಟೋಪಿ ಸಮೇತ ಒಂದು ಕಂಡೆನ್ಸರ್ ಮೈಕನ್ನು ತರಿಸಿದೆ.

ಅಂದು ಸಂಜೆ ನಮ್ಮ ಶೀಟಿನ ಮನೆಯಲ್ಲಿ ಅಜ್ಜಿ ಗೋಡೆಗೊರಗಿ ಕುಳಿತು ಮೂರು ಪದ ಹೇಳಿದಳು. ಆಮೇಲೆ ಹಾಕಿ ಕೇಳಿದೆವು. ನೀರಿನ ಟ್ಯಾಂಕರು ಗೇರು ಬದಲಿಸಿದ್ದು, ಪಕ್ಕದ ಮನೆಯ ಕುಕ್ಕರು ಎರಡು ಸಲ ಕೂಗಿದ್ದು, ಎಚ್‌ಎಎಲ್ ಕಡೆಯಿಂದ ಬಂದ ಹೆಲಿಕಾಪ್ಟರು, ತಗಡಿಗೆ ಬಡಿದು ಮರಳುವ ಪ್ರತಿಧ್ವನಿ, ಎಲ್ಲವೂ ಸೊಗಸಾಗಿ ಬಂದಿದ್ದವು. ನಡುನಡುವೆ ಅಜ್ಜಿಯೂ ಇದ್ದಳು. ಅವಳು ಕೇಳಿ ಕೇಳಿ ಕೊನೆಗೆ, "ಅಲ್ಲ ಕಣ್ಲಾ ಮಗ, ಟ್ಯಾಂಕರ್ ಪದಾನೂ ಬರ್ಕೊಂಬುಡು, ನನ್ಗಿಂತ ಚೆಂದಾಗ್ ಯೋಳೈತೆ" ಎಂದಳು.

ದೋಷ ಮೈಕಿನದಲ್ಲ. ಕಂಡೆನ್ಸರ್ ಮೈಕಿನೊಳಗೆ ಲೋಹದ ಲೇಪವಿರುವ ಬಹಳ ತೆಳುವಾದ ಒಂದು ಪೊರೆ, ಅದರ ಹಿಂದೆ ಒಂದು ಫಲಕ, ಎರಡರ ನಡುವೆ ವಿದ್ಯುದಾವೇಶ ಇರುತ್ತವೆ. ಗಾಳಿಯ ಅಲೆ ತಾಗಿ ಪೊರೆ ಅದುರಿದರೆ ಅಂತರ ಬದಲಾಗುತ್ತದೆ. ಆ ಬದಲಾವಣೆಯೇ ಧ್ವನಿಯಾಗಿ ತಂತಿಯಲ್ಲಿ ಹರಿಯುತ್ತದೆ. 1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಎಂಬವರು ಇದನ್ನು ಕಂಡುಹಿಡಿದರು. ಸಭೆಗಳಲ್ಲಿ ಭಾಷಣಕಾರರು ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿಯೊಂದು ಅಂಟಿರುತ್ತದೆ; ಆ ಭಾರದಿಂದ ಅದು ಸಣ್ಣ ಸದ್ದಿಗೆ ಅಷ್ಟು ಬೇಗ ಮಿಡಿಯದು. ಕಂಡೆನ್ಸರಿನದು ಚಾಡಿಕೋರನ ಕಿವಿ. ಯಾವುದನ್ನೂ ಬಿಡುವುದಿಲ್ಲ.

ಹಾಗಾದರೆ ಡೈನಮಿಕ್ ಮೈಕು ಗದ್ದಲವನ್ನು ಸೋಸಿಬಿಡುತ್ತದೆಯೆ? ಹಾಗೆಂದು ಹೇಳುವವರುಂಟು, ನಾನು ಒಪ್ಪುವುದಿಲ್ಲ. ಅದನ್ನು ತುಟಿಯ ಬಳಿ ಹಿಡಿಯುತ್ತೇವೆ, ಅಷ್ಟೇ ಗುಟ್ಟು. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ನಮ್ಮ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಹೊರಗಿನ ಟ್ಯಾಂಕರು ಇದ್ದಷ್ಟೇ ಇರುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ನಮ್ಮ ಹಿರಿಯರಿಗೆ ಇದು ಮೈಕು ಬರುವ ಮೊದಲೇ ತಿಳಿದಿತ್ತು. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ತಟ್ಟೆಗಳಿಗೆ ಹಾಡಿದಾಗ ಮೈಕೇ ಇರಲಿಲ್ಲ. ತಗಡಿನ ಕೊಳವೆಯ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕಾಗಿತ್ತು. ವಿದ್ಯುತ್ತಿನ ಧ್ವನಿಮುದ್ರಣ ಬಳಕೆಗೆ ಬಂದದ್ದು 1925ರಿಂದ. ಆಕೆ ಮೈಸೂರಿನಲ್ಲಿಯೇ 1930ರಲ್ಲಿ ತೀರಿಕೊಂಡಳು. ಆ ಹಳೆಯ ತಟ್ಟೆಗಳಲ್ಲಿ ಆಕೆಯ ಕಂಠ ಇಂದಿಗೂ ಎದುರಿಗೆ ಬಂದು ನಿಲ್ಲುತ್ತದೆ. ಕೊಳವೆ ಉತ್ತಮವಾಗಿತ್ತೆಂದಲ್ಲ, ಆಕೆ ಹತ್ತಿರವಿದ್ದಳು.

ಆದರೆ ಅಜ್ಜಿಯ ವಿಷಯ ಇಷ್ಟು ಸುಲಭವಲ್ಲ. ಅವಳ ದನಿ ಈಗ ಬಹಳ ಸಣ್ಣದು. ಡೈನಮಿಕ್ ಮೈಕಿಗೆ ಅದು ಸಾಲದು. ಕಡಿಮೆ ಬೆಲೆಯ ಯಂತ್ರದಲ್ಲಿ ಅದನ್ನು ಬಹಳ ಏರಿಸಹೊರಟರೆ ಸುಯ್ ಎಂಬ ಸದ್ದೂ ಜೊತೆಗೇ ಏರುತ್ತದೆ. ಆದ್ದರಿಂದ ಇಂಥ ಮೆಲುದನಿಗೆ, ಕೊಳಲು ತಂಬೂರಿಗಳಿಗೆ ಕಂಡೆನ್ಸರೇ ಸರಿ ಎಂಬುದನ್ನು ಒಪ್ಪಲೇಬೇಕು. ಇನ್ನೊಂದು ತೊಡಕು: ಬೀಸುವ ಪದ ಹೇಳುವಾಗ ಅಜ್ಜಿ ಸುಮ್ಮನೆ ಕೂರಳು. ಮುಂದೆ ಬೀಸುವ ಕಲ್ಲಿಲ್ಲದಿದ್ದರೂ ಮೈ ಅತ್ತಿತ್ತ ತೂಗುತ್ತದೆ. ಒಮ್ಮೆ ಒಂದು ಗೇಣು, ಒಮ್ಮೆ ಎರಡು ಮೊಳ. ಅಲುಗದೆ ಹೇಳು ಎಂದರೆ ಪದವೇ ಮರೆತುಹೋಗುತ್ತದೆ.

ಕೊನೆಗೆ ಕೈಹಿಡಿದದ್ದು ಗೆಳೆಯನೊಬ್ಬನ ಕಾಲರ್ ಮೈಕು. ಬೋಯಾ ಬಿವೈ-ಎಂ1 ಎಂಬ ಅದಕ್ಕೆ 6 ಮೀಟರಿನ ತಂತಿಯಿದೆ. ಬೆಲೆ ನಾನು ಸುರಿದುದರಲ್ಲಿ ಸಣ್ಣದೊಂದು ಪಾಲು. ಸೋಜಿಗವೆಂದರೆ ಅದೂ ಕಂಡೆನ್ಸರೇ. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಜಾತಿಯದು. ಆವೇಶವನ್ನು ತನ್ನಲ್ಲೇ ಇಟ್ಟುಕೊಂಡಿರುವ ವಸ್ತುವಿನಿಂದ ಮಾಡಿದ್ದು. ನಮ್ಮ ಕಿಸೆಯಲ್ಲಿರುವ ಫೋನಿನ ಮೈಕೂ ಕಂಡೆನ್ಸರಿನ ವಂಶದ್ದೇ. ಅಂದಮೇಲೆ "ಕಂಡೆನ್ಸರ್ ಇಲ್ಲದೆ ಸ್ಟುಡಿಯೋ ಗುಣ ಬಾರದು" ಎಂದು ಹಂಬಲಿಸುವ ಗೆಳೆಯರು ಆಗಲೇ ಒಂದನ್ನು ಹೊತ್ತು ತಿರುಗುತ್ತಿದ್ದಾರೆ. ಕಾಲರ್ ಮೈಕನ್ನು ಅಜ್ಜಿಯ ಸೆರಗಿಗೆ ಸಿಕ್ಕಿಸಿದೆ. ಅವಳು ತೂಗಿದರೆ ಅದೂ ತೂಗಿತು. ಬೆಳಗಿನ ಜಾವ ಮೂರು ಗಂಟೆ. ನಮ್ಮ ಬೀದಿಯಲ್ಲಿ ಟ್ಯಾಂಕರು ಓಡಾಡದ ಹೊತ್ತು. ಅಜ್ಜಿಗೆ ಹೇಗೂ ನಿದ್ದೆ ಇಲ್ಲ. ಎರಡು ಕಡೆ ರಾಗಿ ಮೂಟೆ, ಹಿಂದೆ ಹಗ್ಗದ ಮೇಲೆ ಎರಡು ಕಂಬಳಿ. ಅಂದು ಏಳು ಪದ ಬಂದವು. ಒಂದರಲ್ಲಿ ಮಾತ್ರ ನಾಯಿ ಇದೆ.

ಇಷ್ಟರ ಮೇಲೂ ಕೊಳ್ಳಲೇಬೇಕೆನ್ನುವವರಿಗೆ ನನ್ನದೊಂದು ಪರೀಕ್ಷೆ. ನೀವು ಹಾಡುವ ಜಾಗದಲ್ಲಿ ಕುಳಿತು ಫೋನಿನಲ್ಲಿ ಒಂದು ನಿಮಿಷ ಮೌನವನ್ನು ಮುದ್ರಿಸಿ. ಕೇಳಿದಾಗ ಫ್ಯಾನು, ರಸ್ತೆ, ಟಿ.ವಿ. ಕಾಣಿಸಿಕೊಂಡರೆ ಐದು ಸಾವಿರದ ಮೈಕು ಅವನ್ನೇ ಇನ್ನಷ್ಟು ಸ್ಪಷ್ಟವಾಗಿ ಕೊಡುತ್ತದೆ; ದುಡ್ಡನ್ನು ಇಟ್ಟುಕೊಳ್ಳಿ. ಮನೆ ನಿಶ್ಶಬ್ದವಾಗಿದ್ದು ಬರಿಯ ಸುಯ್ ಸದ್ದು ಮಾತ್ರ ಕೇಳಿದರೆ ಆಗ ಹೊಸ ಮೈಕಿನಿಂದ ಪ್ರಯೋಜನವುಂಟು. ಕೊಳ್ಳುವಾಗ ಮೈಕಿನ ಸ್ವಂತ ಸದ್ದು ಎಷ್ಟು ಡೆಸಿಬೆಲ್ ಎಂದು ನೋಡಿ. ಆಡಿಯೋ-ಟೆಕ್ನಿಕಾದ ಎಟಿ2020ಕ್ಕೆ ಅದು 20 ಎಂದು ತಯಾರಕರೇ ಹೇಳುತ್ತಾರೆ; ಈ ಅಂಕಿಯನ್ನು ಎಲ್ಲೂ ಹೇಳದೆ ಚಿನ್ನದ ಬಣ್ಣದ ಜಾಲರಿಯನ್ನು ಮಾತ್ರ ತೋರಿಸುವ ಪೆಟ್ಟಿಗೆಯನ್ನು ನಾನಂತೂ ಇನ್ನು ಮುಟ್ಟುವುದಿಲ್ಲ. ಎಕ್ಸ್‌ಎಲ್‌ಆರ್ ತಂತಿಯ ಕಂಡೆನ್ಸರಿಗೆ ಸಾಮಾನ್ಯವಾಗಿ 48 ವೋಲ್ಟು ಉಣಿಸುವ ಇಂಟರ್‌ಫೇಸ್ ಬೇರೆ ಬೇಕು, ಎಸ್. ಪಿ. ರಸ್ತೆಯಲ್ಲಿ ಮೈಕಿನ ಬೆಲೆ ಚೌಕಾಶಿ ಮಾಡಿ ಗೆದ್ದು ಬಂದವರು ಇದನ್ನು ಮರೆತು ಮನೆಯಲ್ಲಿ ಸೋಲುತ್ತಾರೆ. ಯುಎಸ್‌ಬಿಯದಕ್ಕೆ ಆ ತಾಪತ್ರಯವಿಲ್ಲ. ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಮತ್ತೆ, ಈ ದಪ್ಪ ಮೈಕುಗಳಲ್ಲಿ ಬಹುಪಾಲಿಗೆ ಹಾಡಬೇಕಾದ್ದು ಪಕ್ಕಕ್ಕೆ, ನೆತ್ತಿಗಲ್ಲ. ನಮ್ಮ ಭಾವಗೀತೆಯ ಮಿತ್ರ ಒಂದು ತಿಂಗಳು ನೆತ್ತಿಗೇ ಹಾಡಿದ.

ಅಧ್ಯಾಪಕರಲ್ಲಿ ಒಂದು ಬಿನ್ನಹ. ಆರು ಮಂದಿ ಬಡ ವಿದ್ಯಾರ್ಥಿಗಳು ಆರು ಕಳಪೆ ಮೈಕು ಕೊಳ್ಳುವುದಕ್ಕಿಂತ, ಕಾಲೇಜು ಒಂದು ಒಳ್ಳೆಯ ಮೈಕನ್ನೂ ಇಂಟರ್‌ಫೇಸನ್ನೂ ಕೊಂಡು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡಬಾರದೆ? ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ನಿಲಯವನ್ನು ನಡೆಸಿದರು. ಒಬ್ಬ ಅಧ್ಯಾಪಕರು ಮನೆಯಲ್ಲಿ ಅಷ್ಟನ್ನು ಮಾಡಿದರು; ಒಂದು ಕಾಲೇಜು ಒಂದು ಬೀರುವಿನಷ್ಟು ಜಾಗ ಕೊಡಲಾರದೆ? ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಅಜ್ಜಿಯರಿದ್ದಾರೆಂಬುದನ್ನು ಹಾಜರಿ ಕರೆಯುವಾಗ ಒಮ್ಮೆ ವಿಚಾರಿಸಿ ನೋಡಬಹುದು.

ಇದುವರೆಗೆ ಹತ್ತೊಂಬತ್ತು ಪದಗಳಾಗಿವೆ. ಕೆರೆಯ ಪದ ಇನ್ನೂ ಆಗಿಲ್ಲ; ಅದರ ನಡುವಿನ ಎರಡು ನುಡಿ ಅಜ್ಜಿಗೆ ನೆನಪಾಗುತ್ತಿಲ್ಲ. ಗುಂಜೂರಿನಲ್ಲಿರುವ ಅವಳ ತಂಗಿಗೆ ಬರುತ್ತದಂತೆ. ಶನಿವಾರ ರಾತ್ರಿ ಅವಳನ್ನೂ ಕರೆತರುತ್ತೇನೆ. ಸೋಮವಾರ ಗೆಳೆಯನಿಗೆ ಕಾಲರ್ ಮೈಕನ್ನು ಹಿಂದಿರುಗಿಸಬೇಕು.